ರೇವಾಲ್ಸರ್ ಕೆರೆಗೆ ಅಪ್ರದಕ್ಷಿಣೆ

ಸಪ್ತಪದಿಯ ಏಳು ಹೆಜ್ಜೆಗಳನ್ನು ಬಿಟ್ಟರೆ ನಾನೂ ನನ್ನ ಹೆಂಡತಿ ಗಾಯತ್ರಿಯೂ ಅಕ್ಕಪಕ್ಕದಲ್ಲಿ ನಡೆದದ್ದಕ್ಕೆ ಸಾಕ್ಷಿಯಿಲ್ಲ. ಆ ಏಳರಲ್ಲೂ ಪುರೋಹಿತರು ನನ್ನ ಶಲ್ಯ ಹಿಡಿದು ಹಿಂದಕ್ಕೆಳೆದು, “ಸ್ವಲ್ಪ ನಿಧಾನ ಸ್ವಾಮಿ, ಬಸ್ಸೇನೂ ಹೊರಟುಹೋಗಲ್ಲ” ಎಂದದ್ದನ್ನು ಮೈಸೂರಿನ ನೆಂಟರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಎಂಟನೆಯ ಹೆಜ್ಜೆಯಿಂದ ನಾನು ಮುಂದೆ, ಅವಳು ಹಿಂದೆ. ಇದರಲ್ಲಿ ಗಂಡಸಿನ ದರ್ಪವೇನೂ ಇಲ್ಲ, ದಯವಿಟ್ಟು ನಂಬಿ. ನನ್ನ ಕಾಲುಗಳ ಜಾಯಮಾನವೇ ಹಾಗೆ. ಎಲ್ಲಿಗೆ ಹೋಗಬೇಕೆಂದು ನಾನು ಯೋಚಿಸುವಷ್ಟರಲ್ಲಿ ಅವು ಅರ್ಧ ದಾರಿ ಹೋಗಿರುತ್ತವೆ. ಆಮೇಲೆ ನಾನು ನಿಂತು, ತಿರುಗಿ, ಸೊಂಟದ ಮೇಲೆ ಕೈಯಿಟ್ಟು ಕಾಯುತ್ತೇನೆ. ನಾನು ಇದನ್ನು ತಾಳ್ಮೆ ಎಂದು ಕರೆಯುತ್ತಿದ್ದೆ. ಗಾಯತ್ರಿ ಬೇರೆ ಏನೋ ಕರೆಯುತ್ತಿದ್ದಳು.

ಇದು ನನ್ನೊಬ್ಬನ ಕಾಯಿಲೆಯೂ ಅಲ್ಲ. ನಾವಿರುವ ಪರದೇಶದಲ್ಲಿ ಇಂಡಿಯನ್ ಅಂಗಡಿಗಳ ಬೀದಿಯಾದ ಡೆವನ್ ಅವೆನ್ಯೂವಿನ ಫುಟ್‌ಪಾತಿನಲ್ಲಿ ಒಂದು ಭಾನುವಾರ ನಿಂತು ನೋಡಿ. ಪಾರ್ಕಿಂಗ್ ಸಿಕ್ಕ ಗೆಲುವನ್ನೂ ಅದರ ಹೊತ್ತು ಮುಗಿಯುತ್ತಿರುವ ಆತಂಕವನ್ನೂ ಒಂದೇ ಮುಖದಲ್ಲಿ ಹೊತ್ತುಕೊಂಡ ಗಂಡಸೊಬ್ಬ ಮುಂದೆ ಹೋಗುತ್ತಿರುತ್ತಾನೆ. ಸೀರೆ ಅಂಗಡಿಯ ಗಾಜಿನ ಮುಂದೆ ಹೆಂಗಸೊಬ್ಬಳು ನಿಂತಿರುತ್ತಾಳೆ. ಇಬ್ಬರ ನಡುವೆ ಒಂದು ಸಿಟಿ ಬಸ್ಸು ಆರಾಮವಾಗಿ ನಿಲ್ಲಬಹುದು. ಅವರೇ ಗಂಡಹೆಂಡತಿ. ಕೈಕೈ ಹಿಡಿದು ಹೋಗುವವರು ಸಿಕ್ಕರೆ, ಅವರಿಗೆ ಇನ್ನೂ ಮದುವೆಯಾಗಿಲ್ಲ, ಇಲ್ಲವೇ ಇಬ್ಬರಲ್ಲೊಬ್ಬರಿಗೆ ಕಣ್ಣಿನ ಆಪರೇಶನ್ ಆಗಿದೆ ಎಂದು ತಿಳಿಯಬೇಕು.

ನಮ್ಮ ಮನೆಯಲ್ಲಿ ಆದದ್ದು ಮಂಡಿಯ ಆಪರೇಶನ್. ಹೋದ ವರ್ಷ ಎಲೆ ಉದುರುವ ಕಾಲಕ್ಕೆ ಗಾಯತ್ರಿಯ ಬಲಮಂಡಿಯನ್ನು ಬದಲಾಯಿಸಿದರು. ಹೊಸ ಮಂಡಿ ಚೆನ್ನಾಗಿಯೇ ಕೂತಿತು. ಆದರೆ ಕೋಲು ಬಿಟ್ಟ ಹೊಸತರಲ್ಲಿ ಅವಳು ಇಂಡಿಯನ್ ಗ್ರೋಸರಿಯ ಪಾರ್ಕಿಂಗ್ ಲಾಟಿನಲ್ಲಿ, ಮಂಜಿನ ಮೇಲೆ, ಕೈಯಲ್ಲಿ ಕರಿಬೇವಿನ ಕಟ್ಟು ಹಿಡಿದುಕೊಂಡೇ ಜಾರಿ ಕೂತುಬಿಟ್ಟಳು. ಮೂಳೆ ಮುರಿಯಲಿಲ್ಲ, ಕರಿಬೇವೂ ಚೆಲ್ಲಲಿಲ್ಲ. ಧೈರ್ಯ ಮಾತ್ರ ಅಲ್ಲೇ ಬಿದ್ದುಹೋಯಿತು. ಅಂದಿನಿಂದ ಅವಳು ಲಿಸ್ಲ್‌ನ ನಮ್ಮ ಮನೆಯಲ್ಲಿ ಸೋಫಾದಿಂದ ಕುರ್ಚಿಗೆ, ಕುರ್ಚಿಯಿಂದ ಡೈನಿಂಗ್ ಟೇಬಲ್ಲಿಗೆ, ದೋಣಿಯಿಂದ ದೋಣಿಗೆ ದಾಟುವವಳಂತೆ ಕೈ ಬದಲಿಸುತ್ತ ಓಡಾಡತೊಡಗಿದಳು. ಡಾಕ್ಟರು, ಮಂಡಿ ನಾನು ಹಾಕಿಕೊಟ್ಟಿದ್ದೇನೆ, ನಡಿಗೆ ನೀವೇ ಹಾಕಿಕೊಳ್ಳಬೇಕು ಎಂದರು. ಈ ಬೇಸಿಗೆಯೊಳಗೆ ನಡೆಯದಿದ್ದರೆ ಅದು ಹೀಗೆಯೇ ಬಿಗಿದುಕೊಂಡು ನಿಲ್ಲುತ್ತದೆ ಎಂದೂ ಸೇರಿಸಿದರು. ಆ ಮಾತು ಕೇಳಿದ್ದೇ ತಡ, ನಾನು ಕೋಚ್ ಆದೆ.

ನಮ್ಮೂರಿನ ರಿಕ್ರಿಯೇಶನ್ ಸೆಂಟರಿನ ಮಹಡಿಯ ಮೇಲೆ ನಡೆಯಲೆಂದೇ ಒಂದು ಟ್ರ್ಯಾಕಿದೆ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದರೂ ಒಳಗೆ ಬೆಚ್ಚಗೆ ಸುತ್ತಬಹುದು. ಎಲ್ಲ ಟ್ರ್ಯಾಕುಗಳಂತೆ ಅಲ್ಲಿಯೂ ಎಡಗೈ ಒಳಗಡೆಗಿರಬೇಕು. ಗೋಡೆಯ ಮೇಲೆ ಬಾಣ ಬರೆದಿದ್ದಾರೆ. ವರ್ಷಗಟ್ಟಲೆ ಸುತ್ತಿ ಸುತ್ತಿ ನನ್ನ ಕಾಲುಗಳಿಗೆ ಆ ಬಾಣ ಬಾಯಿಪಾಠವಾಗಿದೆ. ಗಾಯತ್ರಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವಳು ಗೋಡೆ ಸವರಿಕೊಂಡು ಒಂದು ಮೂಲೆ ದಾಟುವಷ್ಟರಲ್ಲಿ ನಾನು ಒಂದು ಸುತ್ತು ಮುಗಿಸಿ ಹಿಂದಿನಿಂದ ಬಂದು, “ಹಿಮ್ಮಡಿ ಮೊದಲು, ಹಿಮ್ಮಡಿ ಮೊದಲು! ಕೆಳಗೆ ನೋಡ್ಬೇಡ!” ಎಂದು ಕೂಗಿ ಮುಂದೆ ಹೋಗುತ್ತಿದ್ದೆ. ನನ್ನ ಪ್ರಕಾರ ಇದು ಪ್ರೋತ್ಸಾಹ. ಒಂದು ದಿನ ಅವಳು ಬೆಂಚಿನ ಮೇಲೆ ಕೂತು, ನಿಧಾನವಾಗಿ ಶೂ ಲೇಸು ಬಿಚ್ಚಿ, “ರೀ, ನಾನಿನ್ನು ಬರಲ್ಲ. ನೀವು ಸುತ್ತಿ. ನಾನು ಕಾರಲ್ಲಿ ಕೂತಿರ್ತೀನಿ,” ಎಂದಳು. ಮರುದಿನದಿಂದ ಕಾರಿನವರೆಗೂ ಬರಲಿಲ್ಲ. ಮಗಳು ಅನನ್ಯ ಫೋನಿನಲ್ಲಿ, “ಅಪ್ಪಾ, ಶಿ ಈಸ್ ನಾಟ್ ಯುವರ್ ಪ್ರಾಜೆಕ್ಟ್,” ಎಂದಳು. ಆಫೀಸಿನಲ್ಲಿ ನನ್ನ ಕೆಲಸವೇ ಪ್ರಾಜೆಕ್ಟ್ ಮ್ಯಾನೇಜರನದು. ಯಾವುದು ಪ್ರಾಜೆಕ್ಟ್, ಯಾವುದು ಅಲ್ಲ ಎಂದು ಇವಳಿಂದ ಕಲಿಯಬೇಕೇ ಎಂದು ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆಯಿತ್ತು. ಗಾಯತ್ರಿ ಇನ್ನು ಹೀಗೆಯೇ ಕುರ್ಚಿ ಹಿಡಿದುಕೊಂಡು ಉಳಿದುಬಿಟ್ಟರೆ ಎಂಬ ಹೆದರಿಕೆ.

ಅಷ್ಟರಲ್ಲಿ ಸ್ಟರ್ಲಿಂಗ್ ಹೈಟ್ಸಿನಿಂದ ನಮ್ಮ ಗೆಳೆಯ ಬಸವರಾಜ ಬಂದ. ಧಾರವಾಡದವನು, ಕಾರು ಫ್ಯಾಕ್ಟರಿಯಲ್ಲಿ ಎಂಜಿನಿಯರ್. ವರ್ಷಕ್ಕೊಮ್ಮೆ ಎಲ್ಲಾದರೂ ಬೆಟ್ಟ ಹತ್ತಿ ಬಂದು, ನಮಗೆ ಫೋಟೋ ತೋರಿಸಿ, ಊಟ ಮಾಡಿ, ಐದು ತಾಸು ಡ್ರೈವ್ ಮಾಡಿಕೊಂಡು ವಾಪಸು ಹೋಗುವುದು ಅವನ ಪದ್ಧತಿ. ಏಪ್ರಿಲ್‌ನಲ್ಲಿ ನನ್ನ ಭಾವಮೈದುನನ ಮಗಳ ಮದುವೆಗೆ ನಾವು ದೆಹಲಿಗೆ ಹೋಗುವವರಿದ್ದೆವು. ಅದನ್ನು ಕೇಳಿದವನೇ, “ಹಂಗಾರ ರೇವಾಲ್ಸರಕ್ಕ ಹೋಗಿ ಬರ್ರಿ. ಹಿಮಾಚಲದಾಗ ಒಂದು ಸಣ್ಣ ಊರು. ನಡುವ ಒಂದು ಕೆರಿ, ಸುತ್ತ ಗುಡಿ, ಬೌದ್ಧರ ಮಠ, ಗುರುದ್ವಾರ. ಗುಡ್ಡದ ಮ್ಯಾಲಿನ ಊರಾದ್ರೂ ಕೆರಿ ಸುತ್ತ ಸಪಾಟ ಐತ್ರಿ, ಅಕ್ಕಾರಿಗೆ ತ್ರಾಸಿಲ್ಲ,” ಎಂದ.

“ಅಲ್ಲಿ ಮಾಡೋದಕ್ಕೆ ಏನಿದೆ?” ಎಂದು ನಾನು ಕೇಳಿದೆ.

“ಏನೂ ಇಲ್ರಿ. ಅದಕ್ಕ ಹೋಗ್ರಿ ಅಂತ ಹೇಳಾಕತ್ತೇನಿ.”

ನಾನು ನಕ್ಕೆ. ಗಾಯತ್ರಿ ನಗಲಿಲ್ಲ. ಬಸವರಾಜನ ಫೋನನ್ನು ಕೈಗೆ ತೆಗೆದುಕೊಂಡು ಆ ಕೆರೆಯ ಫೋಟೋವನ್ನು ಬಹಳ ಹೊತ್ತು ನೋಡಿ, “ಹೋಗೋಣ,” ಎಂದಳು. ತಿಂಗಳುಗಳ ಮೇಲೆ ಅವಳ ಬಾಯಿಂದ ಆ ಕ್ರಿಯಾಪದ ಬಂದದ್ದು ಅದೇ ಮೊದಲು. ಊರು ಇರುವುದು ಮಂಡಿ ಎಂಬ ಹೆಸರಿನ ಜಿಲ್ಲೆಯಲ್ಲಿ ಎಂಬುದು ಟಿಕೆಟ್ ಮಾಡಿದ ಮೇಲೆ ಗೊತ್ತಾಯಿತು. ಇದರ ಬಗ್ಗೆ ನಾನು ಮಾಡಿದ ಎಲ್ಲ ಜೋಕುಗಳಿಗೂ ಮನೆಯಲ್ಲಿ ನಿಷೇಧವಿದೆ.

ರೇವಾಲ್ಸರವನ್ನು ಹೇಗೆ ಹೇಳಲಿ? ಬೆಟ್ಟಗಳು ಕೈಕಟ್ಟಿಕೊಂಡು ಸುತ್ತ ಕೂತಿವೆ, ನಡುವೆ ಹಸಿರು ನೀರಿನ ಕೆರೆ. ಕೆರೆ ಅಷ್ಟೇನೂ ದೊಡ್ಡದಲ್ಲ, ನಮ್ಮ ಬಡಾವಣೆಯ ಕೊಳಕ್ಕಿಂತ ಸ್ವಲ್ಪ ಹೆಚ್ಚು. ಆದರೆ ನಮ್ಮ ಕೊಳದಲ್ಲಿ ಬಾತುಗಳ ಗಲೀಜು ಬಿಟ್ಟರೆ ಬೇರೇನಿದೆ? ಇಲ್ಲಿ ದಡದ ಹತ್ತಿರ ಹೋದರೆ ಸಾಕು, ಕೊಬ್ಬಿದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಅವನ್ನು ಯಾರೂ ಹಿಡಿಯುವುದಿಲ್ಲ, ಎಲ್ಲರೂ ಪುರಿ ಹಾಕುತ್ತಾರೆ. ದಡದಲ್ಲಿ ಶಿವನ ಗುಡಿ, ಅದರಾಚೆ ಬಣ್ಣಬಣ್ಣದ ಮಠಗಳು, ಗುಡ್ಡದ ಬಗಲಲ್ಲಿ ಕೂತು ಊರನ್ನೆಲ್ಲ ನೋಡುತ್ತಿರುವ ಬೌದ್ಧಗುರುವಿನ ದೊಡ್ಡ ಬಂಗಾರದ ಬಣ್ಣದ ವಿಗ್ರಹ, ಇನ್ನೊಂದು ಕಡೆ ಗುರುದ್ವಾರ. ಬೆಳಿಗ್ಗೆ ಮಠದ ಉದ್ದನೆಯ ಕಹಳೆ ಗುಂಯ್ ಎನ್ನುತ್ತದೆ. ಅದು ಮುಗಿದ ಮೇಲೆ ಗುಡಿಯ ಗಂಟೆ. ಅದು ಮುಗಿದ ಮೇಲೆ ಗುರುದ್ವಾರದ ಹಾಡು. ಯಾರೂ ಯಾರ ಮೇಲೂ ಬೀಳುವುದಿಲ್ಲ. ನಮ್ಮ ಆಫೀಸಿನಲ್ಲಿ ಮೂರು ಟೀಮುಗಳು ಒಂದು ಕಾನ್ಫರೆನ್ಸ್ ರೂಮನ್ನು ಹಂಚಿಕೊಳ್ಳಲಾರದೆ ನನ್ನ ಹತ್ತಿರ ದೂರು ತರುತ್ತವೆ. ಇಲ್ಲಿ ಮೂರು ಧರ್ಮಗಳು ಒಂದು ಕೆರೆಯನ್ನು ಹಂಚಿಕೊಂಡು ತಣ್ಣಗಿದ್ದವು. ಒಬ್ಬ ಮ್ಯಾನೇಜರನೂ ಇರಲಿಲ್ಲ. ನನಗೆ ಹೊಟ್ಟೆಕಿಚ್ಚೇ ಆಯಿತು.

ಮೊದಲ ದಿನ ನಾನು ನೋಡಬೇಕಾದದ್ದನ್ನೆಲ್ಲ ಊಟದ ಹೊತ್ತಿಗೆ ನೋಡಿ ಮುಗಿಸಿದೆ. ಗುಡಿ ಆಯಿತು, ಮಠ ಆಯಿತು, ವಿಗ್ರಹದವರೆಗೆ ಹತ್ತಿ ಇಳಿದದ್ದಾಯಿತು. ಬೆಣ್ಣೆದೀಪದ ಮುಂದೆ ಕಣ್ಣು ಮುಚ್ಚಿದ್ದೂ ಆಯಿತು. ಅಷ್ಟೂ ಹೊತ್ತು ಗಾಯತ್ರಿ ಕೆರೆಯ ದಡದ ಬೆಂಚಿನ ಮೇಲೆ ಕೂತು, ಸುತ್ತುವವರನ್ನು ನೋಡುತ್ತಿದ್ದಳು. ಅವರೋ ಬೆಳಗಿನಿಂದ ಸಂಜೆಯವರೆಗೆ ಸುತ್ತುತ್ತಲೇ ಇದ್ದರು. ಪಟ್ಟೆಪಟ್ಟೆಯ ಏಪ್ರನ್ ಕಟ್ಟಿದ ಟಿಬೆಟನ್ ಅಜ್ಜಿಯರು, ಕೈಯಲ್ಲಿ ಸಣ್ಣ ಪ್ರಾರ್ಥನಾ ಚಕ್ರ, ತುಟಿಯಲ್ಲಿ ಮಂತ್ರ, ಹೆಜ್ಜೆಯಲ್ಲಿ ಯಾವ ಅವಸರವೂ ಇಲ್ಲ. ಬಾಗಿದ ಬೆನ್ನಿನವರು, ಕೋಲಿನವರು, ಒಂದು ಕಾಲು ಎಳೆಯುವವರು, ಎಲ್ಲರೂ ಇದ್ದರು. “ಬಾ, ನೀನೂ ಒಂದು ರೌಂಡ್ ಹಾಕು. ನಾನು ಸ್ಟಾಪ್‌ವಾಚ್ ಆನ್ ಮಾಡಲ್ಲ,” ಎಂದೆ. ಅವಳು ತಲೆಯಾಡಿಸಿ ಬೆಂಚಿನ ಅಂಚನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ದೂರ ಬಂದು ಬೆಂಚು ಬದಲಾಯಿತೇ ಹೊರತು ಮಂಡಿ ಕದಲಲಿಲ್ಲವಲ್ಲ ಎಂದು ನನ್ನ ಮನಸ್ಸು ಕುಗ್ಗಿತು.

ಮರುದಿನ ಬೆಳಿಗ್ಗೆ ನಾನು ವಾಕಿಂಗ್ ಶೂ ಹಾಕಿಕೊಂಡು ಕೆರೆ ಸುತ್ತಲು ಹೊರಟೆ. ಈಗ ನನ್ನ ಮೂರ್ಖತನವನ್ನು ಸ್ವಲ್ಪ ವಿವರಿಸಬೇಕು. ಪ್ರದಕ್ಷಿಣೆಯ ದಿಕ್ಕು ನನಗೆ ಗೊತ್ತಿಲ್ಲವೆಂದಲ್ಲ. ದೇವಸ್ಥಾನದಲ್ಲಿ ನಿದ್ದೆಗಣ್ಣಿನಲ್ಲಿ ಬಿಟ್ಟರೂ ದೇವರನ್ನು ಬಲಕ್ಕಿಟ್ಟುಕೊಂಡೇ ಸುತ್ತುತ್ತೇನೆ. ಆದರೆ ನನ್ನ ತಲೆಯಲ್ಲಿ ಬರಿಗಾಲಾದರೆ ದೇವಸ್ಥಾನ, ಶೂ ಹಾಕಿದರೆ ಟ್ರ್ಯಾಕು. ಶೂ ಹಾಕಿಕೊಂಡು ಪುಣ್ಯ ಕಟ್ಟಿಕೊಳ್ಳುವ ಊರನ್ನು ನಾನು ನೋಡಿರಲೇ ಇಲ್ಲ. ಹಾಗಾಗಿ ಲಿಸ್ಲ್‌ನ ಬಾಣವನ್ನು ಕಾಲಲ್ಲಿ ಇಟ್ಟುಕೊಂಡು, ಕೆರೆಯನ್ನು ಎಡಕ್ಕೆ ಹಾಕಿ, ಜೋರಾಗಿ ಕೈ ಬೀಸುತ್ತ ಹೊರಟೆ. ಊರಿಗೆ ಊರೇ ನನಗೆ ಎದುರಾಗಿ ಬಂತು. ದಾರಿ ಅಲ್ಲಲ್ಲಿ ಕಿರಿದು. ಹೇಗೂ ಯಾರಿಗೂ ಅರ್ಥವಾಗುವುದಿಲ್ಲವಲ್ಲ ಎಂದು ಕನ್ನಡದಲ್ಲೇ, “ಸೈಡು ಅಜ್ಜಿ, ಸ್ವಲ್ಪ ಸೈಡು, ಹಾಂ, ಹಾಗೆ,” ಎನ್ನುತ್ತ ನುಗ್ಗಿದೆ. ಆದರೂ ಏನು ಜನ ಅಂತೀರಿ! ಒಬ್ಬರಾದ ಮೇಲೆ ಒಬ್ಬರು ನನ್ನ ಮುಖ ನೋಡಿ ನಕ್ಕರು. ಒಬ್ಬ ಭಿಕ್ಷು ನಿಂತು ಕೈಬೀಸಿದ. ಕೆಲವರು ಏನೋ ಹೇಳಿ ಬೆರಳಲ್ಲಿ ಗಾಳಿಯಲ್ಲಿ ಒಂದು ಸುತ್ತು ಬರೆದರು. ಅದು ಅವರ ಆಶೀರ್ವಾದದ ಮುದ್ರೆ ಎಂದುಕೊಂಡು ನಾನೂ ಹಾಗೆಯೇ ಬರೆದು ತೋರಿಸಿದೆ. ಅವರು ಇನ್ನೂ ನಕ್ಕರು.

ಬೆಂಚಿನ ಹತ್ತಿರ ಬಂದು ಗಾಯತ್ರಿಗೆ, “ಎಂಥಾ ಜನ ಇವರು! ಲಿಸ್ಲ್‌ನಲ್ಲಿ ಹದಿನೈದು ವರ್ಷದಿಂದ ಸುತ್ತ್‌ತಿದೀನಿ, ಒಬ್ಬ ಮುಖ ಎತ್ತಿ ನೋಡಲ್ಲ. ಇಲ್ಲಿ ಊರೆಲ್ಲಾ ನನ್ನ ನೋಡಿ ನಗುತ್ತೆ,” ಎಂದೆ.

“ಹೌದಾ?” ಎಂದಳು. ಅವಳ ತುಟಿಯ ಕೊನೆ ಸ್ವಲ್ಪ ಕದಲಿತು. “ಒಳ್ಳೇದಾಯ್ತಲ್ಲ. ನಾಳೇನೂ ಹೋಗಿ.”

ಮೂರನೆಯ ಬೆಳಿಗ್ಗೆ ನಾನು ಮತ್ತೆ ಹೊರಟೆ. ಎದುರಾಗುವವರಿಗೆಲ್ಲ ನಾನೇ ಮೊದಲು ಬೆರಳು ತಿರುಗಿಸುತ್ತ, ಚುನಾವಣೆಗೆ ನಿಂತವನಂತೆ ಹೋಗುತ್ತಿದ್ದೆ. ಕೆರೆಯ ಆಚೆ ದಡ ತಲುಪಿ ಸುಮ್ಮನೆ ತಿರುಗಿ ನೋಡಿದರೆ ಬೆಂಚು ಖಾಲಿ. ಗಾಯತ್ರಿಯ ಶಾಲು ಮಾತ್ರ ಅದರ ಮೇಲೆ ಬಿದ್ದಿತ್ತು. ಎದ್ದು ನಿಂತಳೇ? ಬಿದ್ದಳೇ? ಮಂಗ ಏನಾದರೂ ಮೇಲೆ ಬಂತೇ? ನೀರಿನ ಅಂಚು ಎಷ್ಟು ಹತ್ತಿರ! ಮನಸ್ಸಿಗೆ ಪಾರ್ಕಿಂಗ್ ಲಾಟು ಬಂತು, ಅಲ್ಲಿ ಅವಳು ನನ್ನನ್ನು ನೋಡುತ್ತ ಕೂತಿದ್ದ ರೀತಿ ಬಂತು. ಆಗಲೂ ನಾನು ಮುಂದೆ ಹೋಗಿ ಕಾರಿನ ಬಾಗಿಲು ತೆಗೆಯುತ್ತಿದ್ದೆ. ನಾನು ಓಡತೊಡಗಿದೆ. ಸೈಡು ಅನ್ನಲೂ ಬಾಯಿ ಬರಲಿಲ್ಲ.

ಮಠದ ಗೋಡೆಯ ತಿರುವಿನಲ್ಲಿ ಅಜ್ಜಿಯರ ಗುಂಪೊಂದು ಎದುರಿಗೆ ಬಂತು. ಅದರ ನಡುವೆ ಗಾಯತ್ರಿ ನಡೆದು ಬರುತ್ತಿದ್ದಳು. ಎಡಗೈಯನ್ನು ಒಬ್ಬ ಗಿಡ್ಡ ಅಜ್ಜಿಯ ಕೈಯಲ್ಲಿಟ್ಟಿದ್ದಳು. ಬಲಗೈಯಿಂದ, ಕೆರೆಯ ಬದಿಗಿದ್ದ ಆ ಗೋಡೆಯುದ್ದಕ್ಕೂ ಇದ್ದ ದೊಡ್ಡ ಪ್ರಾರ್ಥನಾ ಚಕ್ರಗಳನ್ನು ಒಂದೊಂದಾಗಿ ತಿರುಗಿಸುತ್ತಿದ್ದಳು. ಗೋಡೆ ಹಿಡಿದುಕೊಳ್ಳುತ್ತಿದ್ದ ಅದೇ ಕೈ. ಕೆಳಗೆ ನೋಡುತ್ತಿರಲಿಲ್ಲ. ಅಜ್ಜಿಗೆ ಏನನ್ನೋ ಹೇಳುತ್ತ, ನಗುತ್ತ, ಬೆಳಗಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬರುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ನಡೆಯುವಾಗ ನನ್ನ ಹೆಂಡತಿಯ ಮುಖ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎಷ್ಟು ಚೆನ್ನಾಗಿತ್ತು! ನನ್ನ ಕಣ್ಣು ತುಂಬಿ ಬಂತು. ಹಾಗೆಂದು ಸುಮ್ಮನಿದ್ದೆನೇ? ಹುಟ್ಟುಗುಣ ಸುಟ್ಟರೂ ಹೋಗದು ಎಂಬಂತೆ ಬಾಯಿ ತೆರೆದು, “ಗಾಯತ್ರೀ, ಹಿಮ್ಮಡಿ...” ಎಂದೆ.

ಮಾತು ಮುಗಿಯಲಿಲ್ಲ. ಗಿಡ್ಡ ಅಜ್ಜಿ ನನ್ನೆರಡು ಭುಜ ಹಿಡಿದು, ಮಗುವಿಗೆ ಬೆನ್ನಿನ ಗುಂಡಿ ಹಾಕಲು ತಿರುಗಿಸುವಂತೆ, ಬಂದ ದಾರಿಗೇ ತಿರುಗಿಸಿ ನಿಲ್ಲಿಸಿದಳು. ಆಮೇಲೆ ಅಚ್ಚ ಮೈಸೂರು ಸೀಮೆಯ ಕನ್ನಡದಲ್ಲಿ, “ಏನಪ್ಪಾ, ನಿನ್ನೆಯಿಂದ ನಂಗೆ ಸೈಡು ಸೈಡು ಅಂತಿದೀಯ. ದೇವರನ್ನ ಎಡಕ್ಕೆ ಹಾಕ್ಕೊಂಡು ಸುತ್ತೋದು ಯಾವ ಊರಲ್ಲಿ ಕಲಿಸಿದ್ರು?” ಎಂದಳು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬೌದ್ಧರ ಕೆರೆಯಾದ್ದರಿಂದ ಬಿಡಲಿಲ್ಲವೇನೋ. ಸುತ್ತಲಿದ್ದವರಿಗೆ ಅವಳು ಟಿಬೆಟನ್ನಿನಲ್ಲಿ ಏನೋ ಹೇಳಿದಳು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಎರಡು ದಿನಗಳಿಂದ ನನಗೆ ಸಿಗುತ್ತಿದ್ದ ಅದೇ ನಗು ಎಂದು ಆಗ ಗುರುತು ಸಿಕ್ಕಿತು.

ಅಜ್ಜಿ ಬೈಲಕುಪ್ಪೆಯ ಟಿಬೆಟನ್ ಶಿಬಿರದವಳು, ಇಲ್ಲಿಗೆ ಯಾತ್ರೆಗೆ ಬಂದಿದ್ದಳು, ಹೆಸರು ಡೋಲ್ಮಾ. ವಯಸ್ಸಿನಲ್ಲಿದ್ದಾಗ ಪ್ರತಿ ಚಳಿಗಾಲ ಮೈಸೂರಿಗೆ ಬಂದು ಫುಟ್‌ಪಾತಿನಲ್ಲಿ ಸ್ವೆಟರ್ ಮಾರುತ್ತಿದ್ದಳಂತೆ. ಗಾಯತ್ರಿ ಕಾಲೇಜಿಗೆ ಹಾಕಿಕೊಳ್ಳುತ್ತಿದ್ದ ಸ್ವೆಟರುಗಳೆಲ್ಲ ಆ ಫುಟ್‌ಪಾತಿನವೇ. ನಾನು ವಿಗ್ರಹ ನೋಡಲು ಓಡಿದ್ದ ಮೊದಲ ದಿನವೇ ಇಬ್ಬರಿಗೂ ಪರಿಚಯವಾಗಿ, ಯಾವ ಬಣ್ಣದ್ದನ್ನು ಎಷ್ಟಕ್ಕೆ ಚೌಕಾಸಿ ಮಾಡಿದ್ದು ಎಂಬಲ್ಲಿಗೆ ಮಾತು ತಲುಪಿತ್ತು. ನಾನು ಅವರ ಹಿಂದೆ, ಕೆರೆಯನ್ನು ಬಲಕ್ಕಿಟ್ಟುಕೊಂಡು, ಮೊದಲ ಬಾರಿಗೆ ಸರಿಯಾದ ದಿಕ್ಕಿನಲ್ಲಿ ನಡೆದೆ. ಈ ದಿಕ್ಕಿನಲ್ಲಿ ಯಾರ ಮುಖವೂ ಕಾಣುವುದಿಲ್ಲ, ಯಾರೂ ನಗುವುದಿಲ್ಲ. ಬರೀ ಬೆನ್ನುಗಳು. ಗಾಯತ್ರಿಯ ಬೆನ್ನು ಪ್ರತಿ ಎರಡನೆಯ ಹೆಜ್ಜೆಗೆ ಬಲಕ್ಕೆ ಸ್ವಲ್ಪ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು. ಆ ವಾಲುವಿಕೆ ನೋಡಿದರೆ ಅಯ್ಯೋ ಎನ್ನಿಸುತ್ತಿತ್ತು, ನೆಟ್ಟಗಾಗುವುದನ್ನು ನೋಡಿದರೆ ಭೇಷ್ ಎನ್ನಿಸುತ್ತಿತ್ತು. ಎರಡನ್ನೂ ಬಾಯಿಂದ ಹೊರಗೆ ಬಿಡಲಿಲ್ಲ. ಅದು ನನ್ನ ಜೀವನದ ಅತ್ಯಂತ ಕಷ್ಟದ ವಾಕಿಂಗ್.

ಸುತ್ತು ಮುಗಿದ ಮೇಲೆ ಚಹಾ ಅಂಗಡಿಯಲ್ಲಿ ಕೂತು ಕೇಳಿದೆ. “ನಾನು ಉಲ್ಟಾ ಸುತ್ತ್‌ತಿರೋದು ನಿಂಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವು ಖುಷಿಯಾಗಿದ್ರಲ್ಲ,” ಎಂದಳು. ಆಮೇಲೆ ಲೋಟದೊಳಗೆ ನೋಡುತ್ತ, “ತಪ್ಪು ನಡೀತಿದೀಯ ಅಂತ ಪ್ರತಿ ಹೆಜ್ಜೆಗೂ ಹೇಳ್ತಿದ್ರೆ ಯಾರಿಗೆ ತಾನೇ ನಡಿಯೋಕೆ ಮನಸ್ಸು ಬರುತ್ತೆ?” ಎಂದಳು. ನಾನು ಚಹಾವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಊದಿ ಆರಿಸಿದೆ.

“ಆ ಅಜ್ಜಿ ಹೇಗೆ ಎಬ್ಬಿಸಿದ್ಳು ನಿನ್ನ?”

“ಎಬ್ಬಿಸ್ಲಿಲ್ಲ. ಅವರದೂ ಮಂಡಿ ನೋವಂತೆ. ‘ನಂಗೂ ಬೀಳೋ ಹೆದರಿಕೆ ಕಣಮ್ಮಾ, ಕೈ ಕೊಡು, ಬಿದ್ರೆ ಇಬ್ಬರೂ ಬೀಳಾಣ’ ಅಂದ್ರು. ಕೊಟ್ಟೆ.”

ಉಳಿದ ದಿನಗಳಲ್ಲಿ ಅವರಿಬ್ಬರೂ ಬೆಳಿಗ್ಗೆ ಸಂಜೆ ಸುತ್ತಿದರು. ಹೊರಡುವ ದಿನ ಡೋಲ್ಮಾ ಅಜ್ಜಿ ಗಾಯತ್ರಿಯನ್ನು ಹಣೆಗೆ ಹಣೆ ತಾಗಿಸಿ ಬೀಳ್ಕೊಟ್ಟಳು. ನನ್ನತ್ತ ನೋಡಿ ಬೆರಳಲ್ಲಿ ಗಾಳಿಯಲ್ಲಿ ಒಂದು ಸುತ್ತು ಬರೆದು ತೋರಿಸಿದಳು. ಅದು ಆಶೀರ್ವಾದವಲ್ಲ ಎಂದು ಆ ಹೊತ್ತಿಗೆ ನನಗೆ ಚೆನ್ನಾಗಿ ತಿಳಿದಿತ್ತು.

ಲಿಸ್ಲ್‌ಗೆ ಬಂದ ಮೇಲೆ ಗಾಯತ್ರಿ ತಾನಾಗಿಯೇ ಶೂ ಹಾಕಿಕೊಂಡು ರಿಕ್ರಿಯೇಶನ್ ಸೆಂಟರಿಗೆ ಹೊರಟಳು. ಡಾಕ್ಟರು ಮಂಡಿ ಮಡಚಿ ನೋಡಿ ಮುಖ ಅರಳಿಸಿದರು. ಈಗ ನಮ್ಮ ಬೀದಿಯ ಇನ್ನಿಬ್ಬರು ಹೆಂಗಸರು ಅವಳ ಜೊತೆಗೆ ಸೇರಿಕೊಂಡಿದ್ದಾರೆ. ಮೂವರೂ ಸಾರಿನ ಪುಡಿಯಿಂದ ಹಿಡಿದು ಸೊಸೆಯಂದಿರವರೆಗೆ ಮಾತಾಡುತ್ತ ಸುತ್ತುತ್ತಾರೆ. ನಾನು ಮೂವರ ಜಾಕೆಟ್ಟು, ನೀರಿನ ಬಾಟಲಿಗಳನ್ನು ಹೊತ್ತುಕೊಂಡು, ಬಾಯಿ ಮುಚ್ಚಿಕೊಂಡು, ಹಿಂದೆ ನಡೆಯುತ್ತೇನೆ. ಅವರನ್ನು ದಾಟಿ ಹೋಗದಂತೆ ಕಾಲುಗಳನ್ನು ಹಿಡಿದಿಡುವುದು ಸುಲಭವಲ್ಲ. ಗಾಳಿಗೆ ಸಿಕ್ಕ ಕೊಡೆ ಹಿಡಿದವನಂತೆ ಅಷ್ಟಾವಕ್ರನಾಗಿ, ತಡೆತಡೆದು ಹೆಜ್ಜೆ ಹಾಕುತ್ತೇನೆ. ಹೋದ ವಾರ, ಹೊಸದಾಗಿ ಬೆಂಗಳೂರಿನಿಂದ ಕೆಲಸಕ್ಕೆ ಬಂದ ತರುಣನೊಬ್ಬ ಹಿಂದಿನಿಂದ ಓಡುತ್ತ ಬಂದು ನನ್ನನ್ನು ದಾಟಿದ. ಮತ್ತೊಮ್ಮೆ ದಾಟಿದ. ಮೂರನೆಯ ಸಲ ಕನಿಕರದಿಂದ ನಿಂತು, “ಅಂಕಲ್, ತುಂಬಾ ಕಷ್ಟಪಡ್ತಿದೀರಾ. ಆಪರೇಶನ್ ಆಗಿ ಎಷ್ಟು ದಿನ ಆಯ್ತು?” ಎಂದು ಕೇಳಿದ. ಆಪರೇಶನ್ ನನಗಲ್ಲಪ್ಪಾ ಎಂದು ಹೇಳಲು ಬಾಟಲಿಗಳನ್ನು ಸರಿಮಾಡಿಕೊಳ್ಳುವಷ್ಟರಲ್ಲಿ, ಮುಂದಿದ್ದ ಗಾಯತ್ರಿ ಹಿಂದಿರುಗಿಯೂ ನೋಡದೆ ಹೇಳಿದಳು:

“ಇತ್ತೀಚೆಗೆ ಆಯ್ತಪ್ಪಾ. ವಾಸಿಯಾಗ್ತಿದೆ. ನೀನು ಹೋಗು, ಅವರು ನಿಧಾನಕ್ಕೆ ಬರ್ತಾರೆ.”

ನಾನು ಹೌದೆಂದು ತಲೆಯಾಡಿಸಿದೆ.